ಹಿಂಡದ ಸೀರೆ

ಮೊನ್ನೆ ಮದರಾಸಿನ ವೇಲಚೇರಿಯಲ್ಲಿರುವ ಮೊಮ್ಮಗಳ ಫ್ಲ್ಯಾಟಿಗೆ ಹೋಗಿದ್ದೆ. ಮಳೆಯ ನೀರು ಕೆಳಮಹಡಿಗೆ ನುಗ್ಗಿ ಇಳಿದು ವಾರವಾಗಿತ್ತು. ಬಾಗಿಲು ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ನೆನೆದ ಮರದ ವಾಸನೆ. ಹುಳಿ ಬಂದ ಹಿಟ್ಟಿನದೂ ಅಲ್ಲ, ಒದ್ದೆ ಚಪ್ಪಲಿಯದೂ ಅಲ್ಲ, ಎರಡನ್ನೂ ಸೇರಿಸಿದ ಹಾಗೆ. ಅವಳು ಆಸೆಪಟ್ಟು ಹಾಕಿಸಿದ್ದ ಮರದ ನೆಲ ಅಲ್ಲಲ್ಲಿ ಉಬ್ಬಿ, ಸಂದುಗಳಲ್ಲಿ ಕಪ್ಪಾಗಿತ್ತು. ಅವಳು ಅಳುವ ಹಾಗಿದ್ದಳು. ನನಗೆ ನಗು ಬಂತು.

"ಏನ್ ಪಾಟಿ ಸಿರಿಕ್ಕಿರೀಂಗ?" ಯಾಕಜ್ಜಿ ನಗುವುದು ಎಂದು ತಮಿಳಿನಲ್ಲೇ ಸಿಡುಕಿದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ.

"ನಿನ್ನ ನೆಲ ನೋಡಿ ಅಲ್ಲ ಮಗಾ. ಇನ್ನೊಂದು ನೆಲ ನೆನಪಾಯ್ತು" ಎಂದೆ.

ಅದು ಎಗ್ಮೋರಿನ ನೆಲ. ನಾನು ಮದುವೆಯಾಗಿ ಮೂರನೆಯ ವರ್ಷದ್ದು, ಅರವತ್ತರ ದಶಕದ ಮೊದಮೊದಲಿನದು. ಆ ವರ್ಷದ ಐಪ್ಪಸಿ ಮಳೆಯನ್ನು, ದೀಪಾವಳಿ ತಿಂಗಳ ಆ ಮಳೆಯನ್ನು, ನೆನೆದರೆ ಈಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ, ಆಮೇಲೆ ಹೊಟ್ಟೆ ತಣ್ಣಗಾಗುತ್ತದೆ. ಎರಡೂ ಅದೇ ಕ್ರಮದಲ್ಲಿ.

ನಮ್ಮ ಅಪ್ಪ ಉಡುಪಿ ಕಡೆಯಿಂದ ಬಂದು ಮದರಾಸಿನಲ್ಲಿ ಹೋಟೆಲು ನಡೆಸುತ್ತಿದ್ದವರು. ನನ್ನ ಗಂಡನ ಮನೆಯವರು ಮೂರು ತಲೆಮಾರಿನಿಂದ ಟ್ರಿಪ್ಲಿಕೇನಿನಲ್ಲಿ ಬೇರೂರಿದ ಮಾಧ್ವರು, ಆಫೀಸಿಗೆ ಹೋಗುವ ಜನ. ಗಂಡನಿಗೆ ಅಪ್ಪ ಅಮ್ಮ ಇರಲಿಲ್ಲ, ಸಾಕಿದವಳು ಸೋದರತ್ತೆ. ಮಕ್ಕಳಿಲ್ಲದ ಅವಳಿಗೆ ಇವರೇ ಮಗ. ಎದುರಿಗೆ ಅವಳನ್ನು 'ನೀವು' ಎಂದೇ ಕರೆದವಳು ನಾನು. ಬರೆಯುವಾಗ ಏಕವಚನದಲ್ಲಿ ಬರೆಯುತ್ತೇನೆ. ಅಷ್ಟಾದರೂ ಸುಖ ಬೇಡವೇ?

ಮದುವೆಯಾದ ಮೇಲೆ ಟ್ರಿಪ್ಲಿಕೇನಿನ ಅವಳ ಮನೆಯಲ್ಲೇ ಇದ್ದೆವು, ಅದರ ನಡುಮನೆಯಲ್ಲಿ ಒಂದು ಉಯ್ಯಾಲೆ ಇತ್ತು. ಅತ್ತೆಯ ಮಾವ ರಂಗೂನಿನಲ್ಲಿದ್ದಾಗ ಹಡಗಿನಲ್ಲಿ ತರಿಸಿದ ತೇಗದ ಹಲಗೆ. ಒಂದೇ ಮರದ್ದು, ಎರಡಂಗುಲ ದಪ್ಪ, ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದ. ಹಿತ್ತಾಳೆಯ ಸರಪಳಿ. ಅತ್ತೆ ಅದರ ಮೇಲೆ ಕೂತೇ ಮನೆ ಆಳುತ್ತಿದ್ದಳು. ತರಕಾರಿಯವನೊಡನೆ ಚೌಕಾಸಿ, ಊರಿನ ಸುದ್ದಿ, ತನ್ನ ಗಂಡನಿಗೆ, ಎಂದರೆ ನಮ್ಮ ಮಾವನಿಗೆ ಬೈಗುಳ, ಎಲ್ಲ ಅಲ್ಲಿಂದಲೇ. ನಾನು ಪಕ್ಕದಲ್ಲಿ ನಿಂತು ಸರಪಳಿ ಹಿಡಿದು ತೂಗಬೇಕು.

ಬಸುರಿಯಾಗಿದ್ದಾಗ ಒಂದು ಮಧ್ಯಾಹ್ನ ಕಾಲು ಬಾತುಕೊಂಡು ನಿಲ್ಲಲಾರದೆ, ಅವಳು ಒಳಗೆ ಹೋದ ಹೊತ್ತಿಗೆ ಆ ಹಲಗೆಯ ತುದಿಯಲ್ಲಿ ಕೂತೆ. ಅವಳು ಬಂದಳು, ನೋಡಿದಳು. ನಾನು ಗಾಬರಿಯಿಂದ ಎದ್ದೆ. ಅವಳು ಒಂದು ತಂಬಿಗೆ ನೀರು ತಂದು, ನಾನು ಕೂತಿದ್ದ ಜಾಗಕ್ಕೆ ಸುರಿದು, ಸೆರಗಿನಿಂದ ಒರೆಸಿ, ತಾನು ಕೂತಳು.

"ತಪ್ಪು ತಿಳ್ಕೋಬೇಡಡೀ. ಅನ್ನ ಮಾರ್ದ ಮನೆಯಿಂದ ಬಂದಿದ್ದೀ. ಇದೆಲ್ಲ ನಿನಗೆ ಶರಿಯಾಗಿ ತಿಳಿಯಲ್ಲ, ಪಾವಂ" ಎಂದಳು.

ನನ್ನ ಅಪ್ಪ ಬೆಳಗಿನ ಜಾವ ಎದ್ದು ಇಡ್ಲಿ ಬೇಯಿಸಿ ಸಾವಿರ ಜನರ ಹೊಟ್ಟೆ ತುಂಬಿಸಿದವರು. ಅವರ ಮಗಳು ಕೂತರೆ ಹಲಗೆಗೆ ಮೈಲಿಗೆ! ಆ ತಂಬಿಗೆ ನೀರು ಹಲಗೆಯ ಮೇಲೆ ಬಿದ್ದ ಸದ್ದನ್ನು ನಾನು ಮರೆಯಲಿಲ್ಲ. ಮರೆಯುವ ಪ್ರಯತ್ನವನ್ನೂ ಮಾಡಲಿಲ್ಲ.

ಮಗು ಹುಟ್ಟಿದ ಮೇಲೆ ಗಂಡನ ಜೀವ ತಿಂದು, ಅವರ ಆಫೀಸಿಗೆ ಹತ್ತಿರ ಎಂಬ ನೆಪ ಒಡ್ಡಿ, ಎಗ್ಮೋರಿನಲ್ಲಿ ಮಹಡಿಯ ಮನೆ ಹಿಡಿಸಿದೆ. ಕೆಳಗೆ ಮನೆಯೊಡತಿ ಮಿಸೆಸ್ ರೋಜಾರಿಯೋ, ಆಂಗ್ಲೋ ಇಂಡಿಯನ್ ಹೆಂಗಸು. ರೈಲು ಇಂಜಿನ್ ಓಡಿಸುತ್ತಿದ್ದ ಗಂಡ ತೀರಿಕೊಂಡಿದ್ದರು. ಮನೆ ಕಟ್ಟಿಸಿದ್ದು ಬರ್ಮಾದಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಯಾರೋ ದೊರೆಯಂತೆ. ಅಡಿಗೆಮನೆ, ಬಚ್ಚಲು ಬಿಟ್ಟರೆ ಮಹಡಿಯ ನೆಲವೆಲ್ಲ ಉದ್ದುದ್ದ ತೇಗದ ಹಲಗೆ. ಸಂಜೆಯ ಬಿಸಿಲು ಕಿಟಕಿಯಿಂದ ಬಿದ್ದರೆ ನೆಲ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಮಗುವಿನ ಮಂಡಿ ತಣ್ಣಗಾಗದ ನೆಲ.

ಅವರದ್ದು ಒಂದೇ ಷರತ್ತು. "ಬಾಡಿಗೆ ಎರಡು ದಿನ ತಡವಾದರೆ ಚಿಂತೆಯಿಲ್ಲ. ನೆಲಕ್ಕೆ ಮಾತ್ರ ನೀರು ತಾಗಬಾರದು. ನಾನೂ ನನ್ನ ಗಂಡನೂ ಡ್ಯಾನ್ಸ್ ಮಾಡಿದ ನೆಲ ಅದು." ಇಂಗ್ಲಿಷು ಬೆರೆಸಿದ ತಮಿಳಿನಲ್ಲಿ ಹಾಗೆಂದು, ಬಟ್ಟೆಯನ್ನು ಎಷ್ಟು ಹಿಂಡಿ ಒರೆಸಬೇಕೆಂದು ತೋರಿಸಿಯೂ ಕೊಟ್ಟರು.

ಈ ಷರತ್ತನ್ನು ನನ್ನ ಗಂಡ ತಮಾಷೆಯೆಂದು ಅತ್ತೆಗೆ ಹೇಳಿದರು. ಅವರಿಗೆ ತಮಾಷೆ. ಅವಳಿಗೆ ಅದು ಮನೆಯ ಬೀಗದಕೈ.

ದಸರೆ ಮುಗಿದದ್ದೇ ಅತ್ತೆ ಟ್ರಂಕಿನ ಸಮೇತ ರಿಕ್ಷಾದಿಂದ ಇಳಿದಳು. ಅವರ ಬೀದಿಯ ಚರಂಡಿ ಉಕ್ಕಿದೆ, ಮಾವ ಒಬ್ಬರೇ ಹೇಗೋ ಇರುತ್ತಾರೆ, ತಾನು ಕಾರ್ತಿಕ ಸ್ನಾನವನ್ನು ಶೀನು ಮನೆಯಲ್ಲಿ ಮುಗಿಸುತ್ತಾಳಂತೆ. ಶೀನು ಎಂದರೆ ನನ್ನ ಗಂಡ. ಅವರು ಹಿಗ್ಗಿ ಟ್ರಂಕು ಹೊತ್ತು ಮೇಲೆ ತಂದರು.

ಮಡಿಯ ಹೆಂಗಸರ ಕ್ರಮ ಗೊತ್ತಿರುವವರಿಗೆ ಗೊತ್ತು. ಬೆಳಗಾಗುವ ಮೊದಲೇ ಮಿಂದು, ಮರುದಿನದ ಮಡಿಗೆಂದು ಹದಿನೆಂಟು ಮೊಳದ ಸೀರೆ ನೆನೆಸಿ, ಹಿಂಡಿ, ಕೋಲಿನ ತುದಿಯಲ್ಲಿ ಎತ್ತಿ, ಯಾರ ಕೈಗೂ ಎಟುಕದ ಬಿದಿರಿನ ಗಳದ ಮೇಲೆ ಒಣಗಹಾಕಬೇಕು. ಮತ್ತೆ ಯಾರೂ ಮುಟ್ಟುವಂತಿಲ್ಲ. ಹೊರಗೆ ಮಳೆ, ಆದ್ದರಿಂದ ಮನೆಯೊಳಗೇ ಒಣಗಬೇಕು. ಅಡಿಗೆಮನೆಯ ಕಡೆ ಕಲ್ಲಿನ ನೆಲವಿತ್ತು, ಅಲ್ಲಿ ಗಳ ಕಟ್ಟುತ್ತೇನೆ ಎಂದೆ. "ಅಲ್ಲಿ ಕೆಲಸದವಳು ಓಡಾಡ್ತಾಳಡೀ. ಹಾಲ್‌ನಲ್ಲೇ ಕಟ್ಟು" ಎಂದಳು. ಗಳ ಹಾಲಿನ ನಟ್ಟನಡುವೆ ತೂಗಿತು.

ಮೊದಲನೆಯ ದಿನವೇ ಸೀರೆಯಿಂದ ನೀರು ಧಾರೆಧಾರೆಯಾಗಿ ಇಳಿಯಿತು. ನಾನು ಓಡಿಹೋಗಿ ಬಕೆಟ್ ಇಟ್ಟೆ.

"ಅಯ್ಯಯ್ಯೋ! ಯಾರ್ಡೀ ಇಟ್ಟದ್ದು? ಮೇಲಿಂದ ಕೆಳಗೆ ಧಾರೆ ಕಡಿಯದೆ ಬೀಳ್ತಾ ಇದೆ. ಬಕೆಟಿನ ಮೈಲಿಗೆ ಅದೇ ಧಾರೆಯಲ್ಲಿ ಸೀರೆಗೆ ಏರಲ್ವಾ?"

ಸೀರೆ ಮತ್ತೆ ಕೆಳಗಿಳಿಯಿತು, ಮತ್ತೆ ನೆನೆಯಿತು, ಮತ್ತೆ ಮೇಲೇರಿತು. ಒಂದು ಸೀರೆಯ ನೀರು ಬೀಳುವ ಕಡೆ ಎರಡು ಸೀರೆಯ ನೀರು ಬಿತ್ತು. ಗೋಣಿ ಹಾಸಿದಾಗಲೂ ಅದೇ ಕತೆ. ಮುಟ್ಟಿ ಹಿಂಡೋಣವೆಂದರೆ ನಾನು ಮುಟ್ಟುವಂತಿಲ್ಲ. ಅವಳು ಮಲಗುವ ಹೊತ್ತಿನ ತನಕ ಕಾದು ಒಣಬಟ್ಟೆಯಿಂದ ಒತ್ತಿ ಒತ್ತಿ ಒರೆಸುತ್ತಿದ್ದೆ. ಅಷ್ಟರೊಳಗೆ ಮರ ಕುಡಿದಾಗಿರುತ್ತಿತ್ತು.

ಟ್ರಿಪ್ಲಿಕೇನಿನಲ್ಲಿ ಎರಡು ವರ್ಷ ಅವಳ ಸೀರೆ ನೋಡಿದವಳು ನಾನು. ಅಲ್ಲಿ ತನ್ನ ಕೆಂಪು ಗಾರೆಯ ನೆಲದ ಮೇಲೆ ಒಂದು ಹನಿ ಬೀಳಬಾರದೆಂದು, ಸೀರೆ ಕಿರುಗುಟ್ಟುವ ತನಕ ಹಿಂಡುತ್ತಿದ್ದಳು. ಗಂಡನಿಗೆ ಹೇಳಿದೆ.

"ವಯಸ್ಸಾಯ್ತು ವಿಮಲಾ, ಕೈಯಲ್ಲಿ ಶಕ್ತಿ ಇಲ್ಲ" ಎಂದರು.

"ನಿನ್ನೆ ನಾಲ್ಕು ತೆಂಗಿನಕಾಯಿ ಕುಟ್ಟಿ ಒಡೆದದ್ದು ಯಾರ ಕೈ ಮಾರಾಯ್ರೆ?" ಎಂದೆ. ಅವರು ಪೇಪರಿನ ಹಿಂದೆ ಅಡಗಿದರು.

ಮಳೆ ನಿಲ್ಲಲಿಲ್ಲ, ಸೀರೆಯೂ ನಿಲ್ಲಲಿಲ್ಲ. ಹಲಗೆಗಳ ಅಂಚು ಮೇಲೆದ್ದವು, ನಡುವೆ ತಗ್ಗಾಯಿತು. ಮೊಳೆಗಳ ಸುತ್ತ ಮಸಿಯಂತೆ ಕಪ್ಪು ಹರಡಿತು. ಬಾಗಿಲು ನೆಲಕ್ಕೆ ತಾಗಿ ಮುಚ್ಚದಾಯಿತು. ಮಗು ಹರಿದಾಡುವಾಗ ಅಂಚು ತರಚಿ ಮೊಣಕಾಲಿನಲ್ಲಿ ರಕ್ತ ಬಂತು. ಆ ದಿನ ಗಂಡ ಆಫೀಸಿನಲ್ಲಿದ್ದರು. ನಾನು ಮಗುವನ್ನು ಎತ್ತಿಕೊಂಡು ನೇರವಾಗಿ ಅವಳ ಮುಂದೆ ನಿಂತೆ.

"ಅತ್ತೆ, ನೀವು ಬೇಕಂತಲೇ ಹಿಂಡುದಿಲ್ಲ."

ಅವಳು ಹೂಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಿ, ಬಹಳ ಪ್ರೀತಿಯಿಂದ ನಕ್ಕಳು.

"ಆಮಾ, ಹಿಂಡಲ್ಲ. ಏನೀಗ? ನೆಲ ಕೆಟ್ರೆ ದೊರೆಸಾನಿ ಹೊರಗೆ ಹಾಕ್ತಾಳೆ. ಹಾಕಿದ್ರೆ ನನ್ನ ಶೀನು ನನ್ನ ಮನೆಗೆ ಬರ್ತಾನೆ. ನೀನೂ ಬರ್ತೀ. ಬಂದು ಊಂಜಲ್ ತೂಗು. ಮುನ್ನಿಗಿಂತ ಚೆನ್ನಾಗಿ ಕಲಿಸ್ತೀನಿ."

ಸಂಜೆ ಗಂಡ ಬಂದಾಗ ಮಗುವಿನ ಮೊಣಕಾಲಿಗೆ ಅರಿಸಿನ ಹಚ್ಚುತ್ತಿದ್ದವಳು ಅವಳೇ. "ಪಾವಂ ಕೊಳಂದೆ", ಪಾಪ ಮಗು, ಎಂದು ಕಣ್ಣೊರೆಸಿಕೊಂಡಳು. ನಾನು ಹೇಳಿದ್ದನ್ನು ಯಾರು ನಂಬುತ್ತಾರೆ?

ಕಾರ್ತಿಕ ಮುಗಿಯುವ ಹೊತ್ತಿಗೆ ನೀರು ಹಲಗೆ ದಾಟಿ ಮಿಸೆಸ್ ರೋಜಾರಿಯೋ ಅವರ ಊಟದ ಮೇಜಿನ ಮೇಲೆ ತೊಟ್ಟಿಕ್ಕಿತು. ಅವರು ಮೇಲೆ ಬಂದರು. ತಮ್ಮ ಗಂಡನ ತೋಳು ಹಿಡಿದು ಕುಣಿದ ನೆಲವನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿದರು. "ಇದು ಹೇಗಾಯಿತು?" ಎಂದರು.

ನಾನು ಉತ್ತರ ಹುಡುಕುವ ಮೊದಲೇ ಅತ್ತೆ ತಮಿಳಿನಲ್ಲಿ ಶುರು ಮಾಡಿದಳು. ಹುಡುಗಿ ಚಿಕ್ಕವಳು, ಹೋಟೆಲ್ ಮನೆಯವಳು, ಅಲ್ಲೆಲ್ಲ ದಿನಾ ಬಕೆಟ್ ಬಕೆಟ್ ನೀರು ಹಾಕಿ ನೆಲ ತೊಳೆಯುತ್ತಾರೆ, ಅದೇ ಅಭ್ಯಾಸ ಇಲ್ಲಿಗೂ ಬಂದಿದೆ, ತಾನು ಎಷ್ಟು ಹೇಳಿದರೂ ಕೇಳಲಿಲ್ಲ. ಇಷ್ಟನ್ನೂ ಹೇಳುವಾಗ ಅವಳ ತಲೆಯ ಮೇಲೆಯೇ ಅವಳ ಸೀರೆ ತೊಟ್ಟಿಕ್ಕುತ್ತಿತ್ತು!

"ಕ್ರಿಸ್‌ಮಸ್ ಒಳಗೆ ನನ್ನ ನೆಲ ಮೊದಲಿನಂತೆ ಆಗಬೇಕು. ಇಲ್ಲವಾದರೆ ಮನೆ ಬಿಡಿ" ಎಂದು ಅವರು ಇಳಿದು ಹೋದರು.

ಮರುದಿನ ಅತ್ತೆ ಟ್ರಂಕು ಕಟ್ಟಿದಳು. ಬಂದ ಕೆಲಸ ಆಗಿತ್ತಲ್ಲ. "ಒಳ್ಳೆ ದಿನ ನೋಡಿ ಸಾಮಾನು ಸಾಗಿಸು ಶೀನು" ಎಂದು ಹೇಳಿ ರಿಕ್ಷಾ ಹತ್ತಿದಳು.

ಅವಳು ಬೀದಿಯ ತಿರುವು ದಾಟಿದ್ದೇ ನಾನು ಗಳ ಕಿತ್ತು ಎಸೆದೆ. ಅಡ್ಯಾರಿನ ಕಡೆಯ ಮರ ಕೊಯ್ಯುವ ಕೊಟ್ಟಿಗೆಯಿಂದ ಮರದ ಹೊಟ್ಟು ತರಿಸಿ ನೆಲದ ಮೇಲೆ ಹರಡಿದೆ, ಹೀರಲಿ ಎಂದು. ಬಿಸಿಲು ಇಣುಕಿದಾಗಲೆಲ್ಲ ಕಿಟಕಿ ತೆರೆದೆ. ತಾಳ್ಮೆ ತಪ್ಪಿ ಕೆಂಡದ ಒಲೆಯನ್ನೂ ಹತ್ತಿರ ಇಟ್ಟೆ. ಒಂದು ಹಲಗೆ ಪಟ್ಟೆಂದು ಸೀಳಿತು. ಆಗ ಅಪ್ಪನ ಹೋಟೆಲಿಗೆ ಮೇಜು ಬೆಂಚು ಮಾಡಿಕೊಡುತ್ತಿದ್ದ ಆಸಾರಿಯನ್ನು ಕರೆಸಿದೆ. ಅಂಚಿನ ಹಲಗೆಗಳು ಒಣಗಿದರೆ ತಾವೇ ಕೂರುತ್ತವೆ, ಮೇಲೆ ಕೀಸುಳಿ ಹಿಡಿದರೆ ಸಾಕು, ಗಳದ ಕೆಳಗಿನವು ಮಾತ್ರ ಕೊಳೆತಿವೆ, ಅವನ್ನು ಬದಲಿಸಲೇಬೇಕು ಎಂದ. ಹೊಸ ಮರ ಹಾಕಿದರೆ ಬೇಸಿಗೆಗೆ ಕುಗ್ಗಿ ಸಂದು ಬಿಡುತ್ತದಂತೆ. ಮನೆಯೊಳಗೇ ಇದ್ದು ಒಣಗಿದ ಹಳೆಯ ಬರ್ಮಾ ತೇಗವೇ ಬೇಕು. ದಪ್ಪ ಹಲಗೆಯಾದರೆ ಎರಡಾಗಿ ಸೀಳಿಕೊಳ್ಳಬಹುದು.

"ಅಂದ ಮಾದಿರಿ ಪಲಗೈ ಎಂಗೆ ಅಮ್ಮಾ ಕಿಡೈಕ್ಕುಂ?" ಎಂದು ಕೈ ಚೆಲ್ಲಿದ. ಅಂಥ ಹಲಗೆ ಎಲ್ಲಿ ಸಿಕ್ಕೀತು!

ಎಲ್ಲಿ ಸಿಕ್ಕೀತೆಂದು ನನಗೆ ಗೊತ್ತಿತ್ತು. ಕಣ್ಣ ಮುಂದೆ ಅದು ಹಿತ್ತಾಳೆಯ ಸರಪಳಿಯಲ್ಲಿ ಮೆಲ್ಲಗೆ ತೂಗುತ್ತಿತ್ತು. ಅವಳು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುವವಳು.

ಆ ಮಧ್ಯಾಹ್ನವೇ ಕೆಳಗೆ ಹೋಗಿ ಮಿಸೆಸ್ ರೋಜಾರಿಯೋ ಅವರಿಗೆ ಸೀರೆಯ ಕತೆ, ಬಕೆಟಿನ ಕತೆ, ಉಯ್ಯಾಲೆಯ ಕತೆ ಎಲ್ಲ ಹೇಳಿದೆ. ಅವರು ಹುಬ್ಬು ಗಂಟಿಕ್ಕಿ ಕೇಳಿದರು. ತಂಬಿಗೆ ನೀರಿನ ಮಾತು ಬಂದಾಗ ಹುಬ್ಬು ಸಡಿಲವಾಯಿತು. ಇಂಥದ್ದನ್ನು ಅವರೂ ಬದುಕಿನಲ್ಲಿ ಕಂಡಿದ್ದರೆಂದು ತೋರುತ್ತದೆ. ನಾನು ನನ್ನ ಉಪಾಯ ಹೇಳಿದೆ.

"ನನ್ನ ಪ್ಲಮ್ ಕೇಕ್ ಅಷ್ಟು ದೊಡ್ಡ ಪಾಪವಾ?" ಎಂದರು.

"ಅದ್ರಲ್ಲಿ ಮೊಟ್ಟೆ ಉಂಟಲ್ಲ."

"ಹಾಗಾದರೆ ಎರಡು ಮೊಟ್ಟೆ ಜಾಸ್ತಿ ಹಾಕ್ತೀನಿ, ಚೈಲ್ಡ್" ಎಂದರು.

ಅತ್ತೆಗೆ ಹೇಳಿ ಕಳಿಸಿದೆ: ಮನೆ ಬಿಡುವ ಮಾತನ್ನು ಹಿರಿಯರ ಎದುರು ಆಡಬೇಕೆಂದು ದೊರೆಸಾನಿ ಭಾನುವಾರ ನಿಮ್ಮಲ್ಲಿಗೇ ಬರುತ್ತಾರೆ. ಅವಳಿಗೆ ಆನಂದ. ಭಾನುವಾರ ಅವಳ ಮನೆಯಲ್ಲಿ ಬೀದಿಯ ಹೆಂಗಸರ ಭಜನೆ ಇರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ದಿನ ಆರಿಸಿದ್ದೆ.

ಅಂದು ಭಜನೆಯ ಹೆಂಗಸರು ನಡುಮನೆಯಲ್ಲಿ ಸಾಲಾಗಿ ಕೂತಿದ್ದರು. ಅತ್ತೆ ಮಡಿಯಲ್ಲಿ ಒಳಗೆ ನೈವೇದ್ಯಕ್ಕೆ ಇಡುತ್ತಿದ್ದಳು. ಮಿಸೆಸ್ ರೋಜಾರಿಯೋ ಅವರಿಗೆಂದು ಜಗಲಿಯಲ್ಲಿ ಬೆತ್ತದ ಕುರ್ಚಿ ಹಾಕಿಸಿದ್ದಳು. ನಾನು ಆ ಕುರ್ಚಿ ದಾಟಿಸಿ ಅವರನ್ನು ಒಳಗೆ ಕರೆದುಕೊಂಡು ಬಂದೆ. ಅವರು ಎಲ್ಲರಿಗೂ ನಮಸ್ಕಾರ ಮಾಡಿ, ಉಯ್ಯಾಲೆಯ ನಟ್ಟನಡುವೆ ಕೂತು, ಕಾಲಿನಿಂದ ನೆಲ ಒತ್ತಿ ಒಂದು ಸಲ ತೂಗಿಕೊಂಡು, ಡಬ್ಬಿ ತೆರೆದರು. ಕೇಕನ್ನು ಹಲಗೆಯ ಮೇಲಿಟ್ಟೇ ಕತ್ತರಿಸಿದರು. ಪುಡಿ ಉದುರಿತು. ಒಂದು ತುಂಡನ್ನು ಮಾವನಿಗೆ ಚಾಚಿದರು.

"ಮೊಟ್ಟೆ ಹಾಕಿದ ಕೇಕು ಮಾವ" ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಮಾವ ಕೇಕನ್ನು ನೋಡಿದರು, ಅಡಿಗೆಮನೆಯ ಬಾಗಿಲು ನೋಡಿದರು, ಬಹಳ ದುಃಖದಿಂದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ತಾಳ ನಿಂತಿತು. ಅತ್ತೆ ಹೊರಗೆ ಬಂದಳು. ಅವಳ ಮುಖ ಬಣ್ಣಿಸಲು ನನಗೆ ಬರುವುದಿಲ್ಲ, ಆದರೆ ಬೇಕಾದಾಗೆಲ್ಲ ಕಣ್ಣು ಮುಚ್ಚಿ ನೋಡಬಲ್ಲೆ. ಮನೆಗೆ ಬಂದವರನ್ನು ಎಬ್ಬಿಸುವಂತಿಲ್ಲ, ಬೈಯುವಂತಿಲ್ಲ. ಮಿಸೆಸ್ ರೋಜಾರಿಯೋ ನಿಧಾನವಾಗಿ ತಿಂದು, "ಕ್ರಿಸ್‌ಮಸ್ ಮುಗಿದ ಮೇಲೆ ಮನೆಯ ಮಾತು ಆಡೋಣ" ಎಂದು ಹೊರಟರು.

"ತೊಳೆದರಾಯ್ತು ಅತ್ತೆ" ಎಂದರು ಜೊತೆಗೆ ಬಂದಿದ್ದ ನನ್ನ ಗಂಡ, ಎಂದಿನ ಒಳ್ಳೆಯತನದಿಂದ.

"ಛೇ, ಛೇ" ಎಂದೆ ನಾನು. "ತೊಳೆದ್ರೆ ಹೋಗ್ತದಾ? ಮರ ಅಲ್ವಾ, ಕುಡೀತದೆ. ಧಾರೆ ಹತ್ತಿ ಬಕೆಟಿನಿಂದ ಸೀರೆಗೆ ಏರುವ ಮೈಲಿಗೆ, ಮುಟ್ಟಿದ ಮರದೊಳಗೆ ಇಳಿಯುದಿಲ್ವಾ? ಅತ್ತೆಯೇ ನಂಗೆ ಕಲಿಸಿದ್ದು."

ಭಜನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದೂ ಶರಿ" ಎಂದು ಒಬ್ಬಾಕೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಇಡೀ ಬೀದಿಗೆ ಮಡಿ ಹೇಳಿಕೊಟ್ಟವಳು ಅತ್ತೆ. ಆ ಹಲಗೆಯ ಮೇಲೆ ಇನ್ನು ಕೂತರೆ ಅವಳ ಕೈಯ ತೀರ್ಥವನ್ನು ಯಾರು ತೆಗೆದುಕೊಳ್ಳುತ್ತಾರೆ? ಅವಳು ನನ್ನನ್ನು ನೋಡಿದಳು. ನಾನು ಬಹಳ ಪ್ರೀತಿಯಿಂದ ನಕ್ಕೆ, ಅವಳಿಂದಲೇ ಕಲಿತ ಹಾಗೆ.

"ತೂಕ್ಕಿ ಎರಿ. ಆ ಪಲಗೆ ನನ್ನ ಕಣ್ಣಿಗೆ ಬೀಳಬಾರದು" ಎಂದಳು.

ಎಸೆಯುವುದು ಯಾಕೆ! ಆಸಾರಿ ಬೀದಿಯ ತುದಿಯಲ್ಲಿ ಕೈಗಾಡಿ ಹಿಡಿದು ನಿಂತಿದ್ದ.

ಹಲಗೆಯನ್ನು ನಮ್ಮ ಹಾಲಿನಲ್ಲೇ ಸೀಳಿಸಿದೆ. ಗರಗಸ ಇಳಿಯುವಾಗ ಎದುರಿಗೆ ಮಣೆ ಹಾಕಿಕೊಂಡು ಕೂತು ಕಾಫಿ ಕುಡಿದೆ. ತೇಗದ ಪುಡಿಯ ಘಮ ಮನೆ ತುಂಬಿತು. ಸರಪಳಿಯ ತೂತುಗಳಿದ್ದ ಕಡೆ ಆಸಾರಿ ದುಂಡಗಿನ ಬೆಣೆ ಜಡಿದು ಮಟ್ಟ ಮಾಡಿದ. ಕ್ರಿಸ್‌ಮಸ್ಸಿಗೆ ಮೊದಲೇ ಕೆಲಸ ಮುಗಿಯಿತು. ಮಿಸೆಸ್ ರೋಜಾರಿಯೋ ಬಂದು ಆ ತುದಿಯಿಂದ ಈ ತುದಿಗೆ ನಡೆದರು. ನಡುವೆ ನಿಂತು, "ಇಲ್ಲಿ ಬಣ್ಣ ಸ್ವಲ್ಪ ಬೇರೆ" ಎಂದರು.

"ಅದು ನಮ್ಮ ಅತ್ತೆ" ಎಂದೆ.

ಅವರು ನಕ್ಕರು. ಆಮೇಲೆ ಅಲ್ಲೇ, ಯಾರ ಕೈಯೂ ಹಿಡಿಯದೆ, ಒಂದು ಸುತ್ತು ತಿರುಗಿದರು. ನಾವು ಆ ಮನೆಯಲ್ಲಿ ಹದಿನೆಂಟು ವರ್ಷ ಇದ್ದೆವು.

ಸಂಕ್ರಾಂತಿಗೆ ಎಳ್ಳು ಬೆಲ್ಲ ಹಿಡಿದುಕೊಂಡು ಅತ್ತೆ ಬಂದಳು. ಶೀನುವನ್ನು ನೋಡದೆ ಇರಲಾರಳು. ಅದೊಂದು ಮಾತ್ರ ಅವಳಲ್ಲಿ ನಿಜ. ನಾನು ಸಡಗರದಿಂದ ಚಾಪೆಯನ್ನು ಹಾಲಿನ ನಡುವೆ ಹಾಸಿ, "ಕೂತ್ಕೊಳ್ಳಿ ಅತ್ತೆ, ಇಲ್ಲೇ" ಎಂದೆ. ಕೂತಳು. ಮಗುವಿಗೆ ಎಳ್ಳು ಕೊಡಲು ಬಗ್ಗಿದಾಗ ಚಾಪೆಯ ಅಂಚಿನಾಚೆ ಅವಳ ಕೈ ನೆಲ ಮುಟ್ಟಿತು. ಬೆರಳು ಆ ದುಂಡಗಿನ ಬೆಣೆಯ ಮೇಲೆ ನಿಂತಿತು. ನಲವತ್ತು ವರ್ಷ ಸರಪಳಿ ಹಿಡಿದು ಕೂತ ಕೈ ಅದು. ಅದಕ್ಕೆ ಜಾಗ ತಿಳಿಯದೇ ಇರುತ್ತದೆಯೇ?

ಅವಳು ಎದ್ದಳು. ಮೆಲ್ಲಗೆ, ಗೋಡೆ ಹಿಡಿದುಕೊಂಡು ಎದ್ದಳು. ಪಾಪ ಎನ್ನಿಸಿತೇ ಎಂದು ಕೇಳಬೇಡಿ. ಎನ್ನಿಸಲಿಲ್ಲ. ಈಗಲೂ ಎನ್ನಿಸುವುದಿಲ್ಲ.

ನಾನು ಚಾಪೆ ಸುತ್ತಿಟ್ಟು, ಬಚ್ಚಲಿಗೆ ಹೋಗಿ, ಒಂದು ಬಟ್ಟೆ ನೆನೆಸಿದೆ. ಅವಳ ಎದುರಿಗೆ ಬಂದು ನಿಂತು, ಅದನ್ನು ಕಿರುಗುಟ್ಟುವ ತನಕ, ಒಂದು ಹನಿಯೂ ಉಳಿಯದ ಹಾಗೆ ಹಿಂಡಿದೆ. ಆಮೇಲೆ ಮಂಡಿಯೂರಿ, ಅವಳು ಕೂತಿದ್ದ ಜಾಗವನ್ನು ಒರೆಸಿದೆ.